ಬೆಕ್ಕು ಮನೆಯದೋ, ಮನೆಯವರದೋ?

ನಾಯಿಯು ಮನುಷ್ಯನನ್ನು ನಂಬಿರುವುದು, ಬೆಕ್ಕು ಮನೆಯನ್ನು ನಂಬಿರುವುದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಯಜಮಾನನು ಊರು ಬಿಟ್ಟರೆ ನಾಯಿಯು ಬಂಡಿಯ ಹಿಂದೆ ಓಡಿಬರುವುದು; ಬೆಕ್ಕಾದರೋ ಬರಿದಾದ ಮನೆಯ ಹೊಸ್ತಿಲ ಮೇಲೆ ಕುಳಿತು ಬಂಡಿ ಮರೆಯಾಗುವುದನ್ನು ನೋಡುತ್ತಿರುವುದು. ಈ ಮಾತನ್ನು ನಾವೂ ಬಹುಕಾಲ ತರಗತಿಯಲ್ಲಿ ಹುಡುಗರಿಗೆ ಹೇಳಿದ್ದುಂಟು. ಪ್ರಬಂಧದಲ್ಲಿ ಹೀಗೆ ಬರೆದವರಿಗೆ ಪೂರ್ಣಾಂಕಗಳನ್ನು ಕೊಟ್ಟದ್ದೂ ಉಂಟು. ಆದರೆ ಅದು ನಿಜವೋ ಅಲ್ಲವೋ ಎಂದು ನಾವೇ ನಿರ್ಣಯಿಸಬೇಕಾದ ಪ್ರಸಂಗವು ಈ ವರ್ಷದ ಚೈತ್ರದಲ್ಲಿ ಒದಗಿತು. ಆ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಮಳೆಗಾಲಕ್ಕೆ ಮುಂಚೆ ಮನೆ ಬದಲಾಯಿಸತಕ್ಕವರು ನಮ್ಮಲ್ಲಿ ಅನೇಕರಿರುವುದರಿಂದ ಇದು ಕೆಲವರಿಗಾದರೂ ಉಪಯೋಗವಾದೀತೆಂದು ನಮ್ಮ ಆಶೆ.

ನಮ್ಮ ಹಿರಿಯಕ್ಕನವರು ಮಡಿಕೇರಿಯಲ್ಲಿ, ಗುಡ್ಡದ ಇಳಿಜಾರಿನ ಮೇಲಿರುವ ಒಂದು ಹೆಂಚಿನ ಮನೆಯಲ್ಲಿ ನಲವತ್ತೊಂದು ವರ್ಷಗಳಿಂದ ವಾಸವಾಗಿದ್ದಾರೆ. ಭಾವನವರು ಕಾಲವಾಗಿ ಹನ್ನೆರಡು ವರ್ಷಗಳಾದವು. ಒಬ್ಬನೇ ಮಗನು ಮೈಸೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೀಗಾಗಿ ಆ ಮನೆಯಲ್ಲಿ ಈಗ ಉಳಿದಿರುವುದು ಅಕ್ಕನವರೂ, ಮೂರು ಬೆಕ್ಕುಗಳೂ, ಲೆಕ್ಕಕ್ಕೆ ಸಿಕ್ಕದಷ್ಟು ಉಣ್ಣೆಯ ಉಂಡೆಗಳೂ ಮಾತ್ರ. ಉಣ್ಣೆ ಹೆಣೆಯುವುದು ಅವರಿಗೆ ಶಾಲೆಯ ಹೊಲಿಗೆಯ ತರಗತಿಯಲ್ಲಿ ಅಂಟಿದ ಹವ್ಯಾಸ. ಅದನ್ನು ಅವರು ಎಂದೂ ವ್ಯಾಪಾರ ಮಾಡಿದವರಲ್ಲ. ಆ ಬೀದಿಯಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿನ ತಲೆಗೂ ಅವರ ಕೈಯ ಕುಲಾವಿಯು ಏರಿದೆ. ನಮ್ಮ ಬಂಧುವರ್ಗದಲ್ಲಿ ಅವರು ಹೆಣೆದ ಸ್ವೆಟರು ಇಲ್ಲದ ಮನೆಯಿಲ್ಲ.

ಮಡಿಕೇರಿಯಂಥ ಊರಿನಲ್ಲಿ ಈ ಹವ್ಯಾಸವು ಬರಿಯ ಕಾಲಹರಣವೂ ಅಲ್ಲ. ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರು ಎತ್ತರದ ಈ ಊರಿನಲ್ಲಿ ವರ್ಷಕ್ಕೆ ೩೦೦ ಸೆಂಟಿಮೀಟರಿಗೂ ಹೆಚ್ಚು ಮಳೆ ಬೀಳುವುದು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗಾಗಿ ಸುರಿದುಹೋಗುವುದು. ಕಕ್ಕಡ ಮಾಸದಲ್ಲಿ ದಿನಗಟ್ಟಲೆ ಸೂರ್ಯದರ್ಶನವಿರುವುದಿಲ್ಲ. ಒದ್ದೆಯಾದ ಹತ್ತಿಯ ಬಟ್ಟೆಯು ಮೈಯ ಬಿಸಿಯನ್ನೆಲ್ಲ ಕಸಿದುಕೊಳ್ಳುವುದು. ಉಣ್ಣೆಯಾದರೋ ತೇವವನ್ನು ಹೀರಿಕೊಂಡೂ ಮೈಯನ್ನು ಬೆಚ್ಚಗಿಟ್ಟಿರುವುದು. ಇದನ್ನು ಕಂಬಳಿಯ ಕೊಪ್ಪೆ ಹೊದೆದು ಗದ್ದೆಯಲ್ಲಿ ನಾಟಿ ಮಾಡಿದ ನಮ್ಮ ಅಜ್ಜಂದಿರೂ ಬಲ್ಲರು, ಬೆಕ್ಕೂ ಬಲ್ಲುದು.

ಮೂರು ಬೆಕ್ಕುಗಳಲ್ಲಿ ಹಿರಿಯಳು ಸುಬ್ಬಿ. ಬೂದುಬಣ್ಣದ ಮೈಮೇಲೆ ಕಪ್ಪು ಪಟ್ಟೆಗಳುಳ್ಳವಳು. ವಯಸ್ಸು ಹನ್ನೆರಡರ ಆಚೆಗೆ. ಅವಳ ಮಗಳು ಕಾಡಿಗೆ, ಹೆಸರಿಗೆ ತಕ್ಕ ಬಣ್ಣದವಳು. ಮೂರನೆಯವನು ಶುಂಠಿ. ಕೆಂಚುಬಣ್ಣದ ಬೆಕ್ಕುಗಳಲ್ಲಿ ಐದಕ್ಕೆ ನಾಲ್ಕು ಗಂಡಾಗಿರುವುವೆಂದು ಪ್ರಾಣಿಶಾಸ್ತ್ರಜ್ಞರು ಹೇಳುವರು. ಶುಂಠಿಯು ಆ ನಾಲ್ವರಲ್ಲಿ ಒಬ್ಬನು.

ಬೆಳಿಗ್ಗೆ ಅಕ್ಕನವರು ಕಾಫಿಗೆ ನೀರಿಡುವಷ್ಟರಲ್ಲಿ ಮೂವರೂ ಅಡಿಗೆಮನೆಯ ಬಾಗಿಲಲ್ಲಿ ಹಾಜರು. ಅದು ಈರುಳ್ಳಿಯನ್ನೂ ಅಳೆದು ಹಾಕುವ ಮನೆ. ಮೀನಿನ ಮಾತೇ ಇಲ್ಲ. ಆದರೆ ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿಯಷ್ಟೆ. ಮೊಸರನ್ನದಿಂದಲೇ ಅದರ ದೇಹವು ನಡೆಯಲಾರದು. ಆದ್ದರಿಂದ ಮಗನು ಮೈಸೂರಿನಿಂದ ಪೊಟ್ಟಣಗಳಲ್ಲಿ ಬರುವ ಬೆಕ್ಕಿನ ತಿಂಡಿಯನ್ನು ಕಳುಹಿಸುತ್ತಾನೆ. ಅದರೊಳಗೆ ಏನಿದೆಯೆಂಬುದನ್ನು ಅಕ್ಕನವರು ಈವರೆಗೆ ಓದಿಲ್ಲ. "ಕನ್ನಡಕ ಸಿಕ್ಕಲಿಲ್ಲ," ಎನ್ನುತ್ತಾರೆ. ಅದೇ ಕನ್ನಡಕವನ್ನು ಹಾಕಿಕೊಂಡು ಮುನ್ನೂರು ಕುಣಿಕೆಗಳ ಶಾಲನ್ನು ಹೆಣೆಯುವುದು ಬೇರೆ ಮಾತು.

ಹನ್ನೊಂದು ಗಂಟೆಗೆ ಜಗಲಿಯಲ್ಲಿ ಹೆಣಿಗೆ ಆರಂಭವಾಗುವುದು. ಉಂಡೆಯನ್ನು ನೆಲದ ಮೇಲೆ ಬಿಟ್ಟರೆ ಅದು ಶುಂಠಿಯ ಪಾಲಾಗುವುದೆಂದು ಅಕ್ಕನವರು ಅದನ್ನು ಒಂದು ಹಿತ್ತಾಳೆಯ ತಂಬಿಗೆಯೊಳಗಿಟ್ಟು, ನೂಲು ಮಾತ್ರ ಬಾಯಿಂದ ಹೊರಕ್ಕೆ ಬರುವಂತೆ ಮಾಡಿಕೊಂಡಿದ್ದಾರೆ. ತಂಬಿಗೆಯ ಮುಂದೆ ಶುಂಠಿಯು ಗಂಟೆಗಟ್ಟಲೆ ನಿಶ್ಚಲನಾಗಿ ಕುಳಿತಿರುವುದನ್ನು ನೋಡಿದರೆ ಧ್ಯಾನವೆಂದರೆ ಇದೇ ಎನಿಸುವುದು. ಸುಬ್ಬಿಯ ಸ್ಥಾನವು ಅಕ್ಕನವರ ಮಡಿಲು. ಅವಳು ಮಡಿಲಿಗೆ ಹಾರುವಾಗ ಎಣಿಕೆ ತಪ್ಪುವುದು. ಎಣಿಕೆ ತಪ್ಪಿದಲ್ಲಿ ಒಂದು ಕುಣಿಕೆ ಹೆಚ್ಚೋ ಕಡಿಮೆಯೋ ಆಗುವುದು. ಆ ಮನೆಯಿಂದ ಹೊರಟ ಪ್ರತಿಯೊಂದು ಸ್ವೆಟರಿನಲ್ಲಿಯೂ ಇಂಥದೊಂದು ಸಾಲು ಇದ್ದೇ ಇರುವುದು. ನಮ್ಮ ಮಕ್ಕಳು ಅದಕ್ಕೆ 'ಬೆಕ್ಕಿನ ಸಾಲು' ಎಂದು ಹೆಸರಿಟ್ಟಿದ್ದಾರೆ. ಹೊಸ ಸ್ವೆಟರು ಬಂದೊಡನೆ ಮೊದಲು ಅದನ್ನು ಹುಡುಕುತ್ತಾರೆ.

ಇಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಬಾರದು. ಬೆಕ್ಕು ನೂಲಿನೊಂದಿಗೆ ಆಡುವ ಚಿತ್ರವು ಮುದ್ದಾಗಿ ಕಾಣುವುದು; ಆದರೆ ನೂಲನ್ನು ನುಂಗಿದ ಬೆಕ್ಕಿನ ಅವಸ್ಥೆ ಮುದ್ದಾದುದಲ್ಲ. ಬೆಕ್ಕಿನ ನಾಲಗೆಯ ಮೇಲಿನ ಸಣ್ಣ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುವು. ಬಾಯಿಗೆ ಬಂದ ನೂಲನ್ನು ಉಗುಳಲು ಅದಕ್ಕೆ ಸುಲಭವಲ್ಲ. ಅದು ಒಳಗೆ ಒಳಗೆ ಹೋಗುತ್ತಲೇ ಇರುವುದು. ನೂಲಿನ ಒಂದು ತುದಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕರುಳು, ಲಾಡಿ ಎಳೆದ ಚೀಲದ ಬಾಯಿಯಂತೆ ನೆರಿಗೆಗಟ್ಟಿ ಕೊಯ್ದುಹೋಗುವುದು. ಬಾಯಿಂದಾಗಲಿ ಹಿಂದಿನಿಂದಾಗಲಿ ನೂಲು ಇಳಿಬಿದ್ದಿರುವುದು ಕಂಡರೆ ಅದನ್ನು ಎಂದೂ ಕೈಯಿಂದ ಎಳೆಯತಕ್ಕದ್ದಲ್ಲ; ಕೂಡಲೇ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಉಣ್ಣೆಗೆ ನುಸಿ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ಹಾಕುವ ನ್ಯಾಫ್ತಲೀನ್ ಗುಳಿಗೆಗಳೂ ಬೆಕ್ಕಿಗೆ ವಿಷವೇ. ಅಕ್ಕನವರು ಅವುಗಳನ್ನು ಬಿಟ್ಟು, ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಡುತ್ತಾರೆ. ಬಿಸಿಲು ಬಂದ ದಿನ ಉಣ್ಣೆಯನ್ನೆಲ್ಲ ಹರವುತ್ತಾರೆ.

ಬೆಕ್ಕಿಗೂ ನೂಲಿಗೂ ಇರುವ ನಂಟನ್ನು ನಾವು ಮೊದಲು ಕಂಡದ್ದು ಅಕ್ಕನ ಜಗಲಿಯಲ್ಲಲ್ಲ, ಕೋಶದಲ್ಲಿ. ಅಮರಸಿಂಹನು ಬೆಕ್ಕಿಗೆ ಕೊಟ್ಟಿರುವ ಹೆಸರುಗಳಲ್ಲಿ ಮೊದಲನೆಯದು 'ಓತು'. ಆಮೇಲೆ ಬಿಡಾಲ, ಮಾರ್ಜಾರ, ವೃಷದಂಶಕ, ಆಖುಭುಕ್ ಎಂಬಿವು ಬರುವುವು. ಮಾರ್ಜಾರವೆಂದರೆ ತನ್ನನ್ನು ತಾನು ಒರೆಸಿ ಶುಚಿಮಾಡಿಕೊಳ್ಳುವುದೆಂದು ಅರ್ಥ. ಶುಂಠಿಯ ಮಧ್ಯಾಹ್ನದ ಕಾರ್ಯಕ್ರಮವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ 'ಓತು' ಎಂಬ ಶಬ್ದಕ್ಕೆ ವೇದದಲ್ಲಿ ಇನ್ನೊಂದು ಅರ್ಥವುಂಟು. ನೇಯುವವನು ಹಾಸಿನ ಎಳೆಗಳಿಗೆ ಅಡ್ಡಲಾಗಿ ಹಾಕುವ ಹೊಕ್ಕಿನ ಎಳೆಗೂ 'ಓತು' ಎಂದೇ ಹೆಸರು. ವೈಯಾಕರಣರು ಒಂದನ್ನು ನೇಯುವುದೆಂಬ ಧಾತುವಿನಿಂದಲೂ, ಇನ್ನೊಂದನ್ನು ಕಾಪಾಡುವುದೆಂಬ ಧಾತುವಿನಿಂದಲೂ ಸಾಧಿಸಿ ಎರಡನ್ನೂ ಬೇರೆಬೇರೆಯಾಗಿ ಇಟ್ಟಿದ್ದಾರೆ. ಇದನ್ನು ಅಕ್ಕನವರಿಗೆ ಹೇಳಿದಾಗ ಅವರು, "ನಿಮ್ಮ ಪಂಡಿತರು ಬೇರೆ ಇಟ್ಟರೇನಂತೆ, ಇಲ್ಲಿ ಬಂದು ಬಿಡಿಸಿ ತೋರಿಸಲಿ," ಎಂದು ಶುಂಠಿಯ ಕಾಲಿಗೆ ಸುತ್ತಿದ್ದ ಎಳೆಯನ್ನು ಬಿಡಿಸುತ್ತಿದ್ದರು.

ನಮ್ಮ ಹಳೆಯ ಗ್ರಂಥಗಳು ಬೆಕ್ಕಿನ ವಿಷಯದಲ್ಲಿ ಅಷ್ಟಾಗಿ ಉದಾರವಾಗಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಮನುವು ಕಪಟಿಯನ್ನು ಬೈಡಾಲವ್ರತಿಕನೆಂದು ಕರೆದನು. ಮಹಾಭಾರತದ ಉದ್ಯೋಗಪರ್ವದಲ್ಲಿ ತಪಸ್ಸಿನ ಸೋಗಿನಿಂದ ಇಲಿಗಳನ್ನು ತಿಂದ ಬೆಕ್ಕಿನ ಕಥೆಯಿದೆ. ಮಾಮಲ್ಲಪುರದ ಬಂಡೆಯ ಮೇಲೆ ಪಲ್ಲವರ ಶಿಲ್ಪಿಗಳು ತಪಸ್ಸಿಗೆ ನಿಂತ ಬೆಕ್ಕನ್ನು ಕೆತ್ತಿದ್ದಾರೆ. ಬಂಗಾಳದ ಗೃಹಿಣಿಯರು ಮಾತ್ರ ಬೆಕ್ಕನ್ನು ಮಕ್ಕಳನ್ನು ಕಾಯುವ ಷಷ್ಠೀದೇವಿಯ ವಾಹನವೆಂದು ಆದರಿಸುವರು. ಪಂಡಿತರು ಬೆಕ್ಕನ್ನು ದೂರದಿಂದ ನೋಡಿ ಬರೆದರು, ಗೃಹಿಣಿಯರು ಒಲೆಯ ಬಳಿ ಕಂಡು ಪೂಜಿಸಿದರು ಎಂದು ನಮಗೆ ತೋರುವುದು.

ಇನ್ನು ಮನೆ ಬದಲಾಯಿಸುವ ಪ್ರಸ್ತಾಪಕ್ಕೆ ಬರೋಣ. ೨೦೧೮ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದನ್ನು ವಾಚಕರು ಮರೆತಿರಲಾರರು. ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು, ಮದೆನಾಡು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಮನೆಗಳೂ ತೋಟಗಳೂ ಮಣ್ಣಿನೊಂದಿಗೆ ಇಳಿದುಹೋದವು. ಮಂಗಳೂರಿನ ದಾರಿ ಮುಚ್ಚಿತು. ಸಾವಿರಾರು ಜನರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಮರುವರ್ಷ ಆಗಸ್ಟಿನಲ್ಲಿ ವಿರಾಜಪೇಟೆಯ ಕಡೆ ತೋರದಲ್ಲಿಯೂ, ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಗುಡ್ಡ ಕುಸಿದು ಜೀವಹಾನಿಯಾಯಿತು. ಅಕ್ಕನವರ ಮನೆ ನಿಂತಿತು. ಆದರೆ ಹಿತ್ತಿಲ ಗೋಡೆಯಲ್ಲಿ ಆಗ ಬಿಟ್ಟ ಒಂದು ಬಿರುಕು ಪ್ರತಿ ಮಳೆಗಾಲದಲ್ಲಿಯೂ ಒಂದು ಬೆರಳಿನಷ್ಟು ಮೇಲಕ್ಕೇರುತ್ತ ಬಂದಿತು. ಅದಕ್ಕೆ ಸುಣ್ಣ ಬಳಿದದ್ದಾಯಿತು, ಸಿಮೆಂಟು ಮೆತ್ತಿದ್ದಾಯಿತು. ಹೋದ ಮಳೆಗಾಲದಲ್ಲಿ ಅದು ಕಿಟಕಿಯ ಚೌಕಟ್ಟನ್ನು ಮುಟ್ಟಿತು, ಕದವು ಮುಚ್ಚದಂತಾಯಿತು. ಆಗ ಮಗನು ಬಂದು, "ಅಮ್ಮಾ, ಇನ್ನೊಂದು ಮಳೆಗಾಲ ನಿನ್ನನ್ನು ಇಲ್ಲಿ ಬಿಡಲಾರೆ," ಎಂದು ಖಂಡಿತವಾಗಿ ಹೇಳಿದನು.

ಅಕ್ಕನವರು ಒಪ್ಪಿದರು, ನಾವು ಎಣಿಸಿದ್ದಕ್ಕಿಂತ ಬೇಗನೆ ಒಪ್ಪಿದರು. ದೇವರ ಪೆಟ್ಟಿಗೆ, ಉಣ್ಣೆಯ ಪೆಟ್ಟಿಗೆ, ಮೂರು ಬೆಕ್ಕುಗಳು, ಇಷ್ಟು ತಮ್ಮೊಡನೆ ಬರತಕ್ಕದ್ದೆಂದು ಮಾತ್ರ ಹೇಳಿದರು. ಮೊದಲಿನ ಎರಡಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಬೆಕ್ಕುಗಳ ವಿಷಯದಲ್ಲಿ ಮಗನು ಹಿಂಜರಿದನು. ಅವನ ಮನೆ ಮಹಡಿಯ ಮೇಲಿನದು. ಕೆಳಗೆ ವಾಹನಗಳು ಎಡೆಬಿಡದೆ ಓಡಾಡುವ ರಸ್ತೆ. ಗುಡ್ಡದ ಮೇಲೆ ಸ್ವೇಚ್ಛೆಯಾಗಿ ಬೆಳೆದ ಪ್ರಾಣಿಗಳು ಅಲ್ಲಿ ಉಳಿದಾವೇ ಎಂಬುದು ಅವನ ಚಿಂತೆ. ಅವನಿಗೆ ತಾಯಿಯ ಮೇಲಿರುವಷ್ಟೇ ಕನಿಕರವು ಬೆಕ್ಕುಗಳ ಮೇಲೂ ಇದ್ದುದನ್ನು ಇಲ್ಲಿ ಹೇಳಬೇಕು. "ಮಾವಾ, ನೀವೇ ಹೇಳಿ. ಬೆಕ್ಕು ಮನೆಯನ್ನು ಹಿಡಿದಿರುವ ಪ್ರಾಣಿಯಲ್ಲವೇ?" ಎಂದು ನಮ್ಮನ್ನು ಮಧ್ಯಸ್ಥರನ್ನಾಗಿ ಮಾಡಿದನು.

ನಾವು ತರಗತಿಯಲ್ಲಿ ಹೇಳಿದ್ದನ್ನೇ ಹೇಳಿದೆವು. ಬೆಕ್ಕು ಸ್ಥಳಾಭಿಮಾನಿ, ಅದನ್ನು ಕಿತ್ತು ಒಯ್ದರೆ ಅದಕ್ಕೆ ಹಿಂಸೆ, ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟ ಬೆಕ್ಕು ಕೂಡ ಮೂರನೆಯ ದಿನ ಹಳೆಯ ಮನೆಗೆ ಬಂದ ಕಥೆಗಳು ಎಷ್ಟಿಲ್ಲ, ಆದ್ದರಿಂದ ನೆರೆಮನೆಯವರಿಗೆ ಒಪ್ಪಿಸಿ ಹೋಗುವುದೇ ದಯೆಯ ಮಾರ್ಗ ಎಂದು ಉಪನ್ಯಾಸವನ್ನೇ ಮಾಡಿದೆವು.

ಅಕ್ಕನವರು ಕೈಯಲ್ಲಿದ್ದ ಸಾಲನ್ನು ಮುಗಿಸಿ, ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು, "ಮೇಷ್ಟ್ರೇ, ಆಯಿತೇ ಪಾಠ?" ಎಂದರು. ನಮ್ಮನ್ನು ಅವರು ಹೀಗೆ ಕರೆಯುವುದು ಕೋಪ ಬಂದಾಗ ಮಾತ್ರ. ಆಮೇಲೆ, ಈ ಎಲ್ಲ ವರ್ಷಗಳಲ್ಲಿ ಯಾರೊಡನೆಯೂ ಎತ್ತದಿದ್ದ ಒಂದು ಮಾತನ್ನು ಎತ್ತಿದರು.

೨೦೧೮ರ ಆ ಆಗಸ್ಟಿನ ಸಂಜೆ ಬೀದಿಯವರೆಲ್ಲ ಮನೆ ಬಿಡಬೇಕೆಂದು ಅಪ್ಪಣೆಯಾದಾಗ ಅವರ ಬಳಿ ಎರಡು ಬೆಕ್ಕುಗಳಿದ್ದವು. ಸುಬ್ಬಿಯೂ, ಅವಳ ಒಡಹುಟ್ಟಿದ ಗಂಡೊಂದೂ. ಮಳೆ ಸುರಿಯುತ್ತಿತ್ತು, ದೀಪವಿರಲಿಲ್ಲ, ಹೊರಡಲು ಹತ್ತು ನಿಮಿಷಗಳ ಅವಕಾಶ. ಬಾಗಿಲ ಮೊಳೆಗೆ ತೂಗುಹಾಕಿದ್ದ ಹೆಣಿಗೆಯ ಚೀಲವು ಕೈಗೆ ಸಿಕ್ಕಿತು, ಬೆಕ್ಕುಗಳು ಸಿಕ್ಕಲಿಲ್ಲ. ಸಿಕ್ಕಿದ್ದರೂ ಅವುಗಳನ್ನು ಹಾಕಿಕೊಳ್ಳಲು ಒಂದು ಬುಟ್ಟಿಯೂ ಇರಲಿಲ್ಲ. "ಎರಡು ದಿನದಲ್ಲಿ ಬಂದುಬಿಡುತ್ತೇವಲ್ಲ, ಬೆಕ್ಕು ಮನೆಯಲ್ಲೇ ಇರುತ್ತದೆ," ಎಂದು ಯಾರೋ ಹೇಳಿದರು. ಅವರೂ ನಂಬಿದರು. ಎರಡು ದಿನ ಹನ್ನೆರಡು ದಿನವಾಯಿತು. ಪರಿಹಾರ ಕೇಂದ್ರದಲ್ಲಿ ಕುಳಿತು ಅವರು ಮೊಮ್ಮಗನಿಗೆಂದು ಆರಂಭಿಸಿದ್ದ ಸ್ವೆಟರನ್ನು ಮುಗಿಸಿ, ಅಲ್ಲಿ ಚಳಿಯಿಂದ ನಡುಗುತ್ತಿದ್ದ ಒಂದು ಮಗುವಿಗೆ ತೊಡಿಸಿದರು. ಮನೆಗೆ ಮರಳಿ ಬೀಗ ತೆಗೆದಾಗ ಸುಬ್ಬಿಯು ಅಟ್ಟದಿಂದ ಇಳಿದು ಬಂದಳು. ಎತ್ತಿಕೊಂಡರೆ ಕೈಗೆ ಎಲುಬೇ ಸಿಕ್ಕುತ್ತಿತ್ತು. ಗಂಡುಬೆಕ್ಕು ಬರಲೇ ಇಲ್ಲ.

"ಮನೆ ಇತ್ತಲ್ಲ ತಮ್ಮಾ, ನಲವತ್ತು ಕಂಬವೂ ಬೀಳದೆ ನಿಂತಿತ್ತು. ಮನೆಯೇ ಬೆಕ್ಕನ್ನು ಸಾಕುವುದಾದರೆ ಆ ಹನ್ನೆರಡು ದಿನ ಯಾತಕ್ಕೆ ಸಾಕಲಿಲ್ಲ?" ಎಂದು ಅಕ್ಕನವರು ಕೇಳಿದರು. ಅವರ ಮನೆಗೆ ನಲವತ್ತು ಕಂಬಗಳಿಲ್ಲ, ಎಂಟೇ ಇರುವುದು. ಆದರೆ ಆ ಹೊತ್ತಿನಲ್ಲಿ ತಿದ್ದುವ ಧೈರ್ಯವು ನಮಗಾಗಲಿಲ್ಲ. ನಾವು ನಮ್ಮ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡು ಮರುದಿನವೇ ಪಶುವೈದ್ಯರೊಬ್ಬರ ಬಳಿಗೆ ಹೋದೆವು.

ಅವರು ಹೇಳಿದ್ದರ ಸಾರಾಂಶವಿದು. ಬೆಕ್ಕು ತಾನಿರುವ ಸ್ಥಳವನ್ನು ವಾಸನೆಯಿಂದ ಗುರುತಿಟ್ಟುಕೊಂಡಿರುವುದೂ, ಸ್ಥಳ ಬದಲಾದರೆ ಕಂಗೆಡುವುದೂ ನಿಜ. ಆದರೆ ಮನುಷ್ಯರ ಕೈಯ ಅನ್ನಕ್ಕೆ ಒಗ್ಗಿದ ಬೆಕ್ಕನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟುಹೋಗುವುದು ದಯೆಯಲ್ಲ. ಆದ್ದರಿಂದ ಸಾಧ್ಯವಾದಷ್ಟು ಮಟ್ಟಿಗೆ ಸ್ಥಳವನ್ನೇ ಅದರೊಡನೆ ಒಯ್ಯಬೇಕು. ಎಂದರೆ, ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಜೊತೆಯಲ್ಲಿ ತರಬೇಕು. ಗಾಳಿಯಾಡುವ, ಭದ್ರವಾದ ಮುಚ್ಚಳವುಳ್ಳ ಬುಟ್ಟಿಯನ್ನು ಪ್ರಯಾಣಕ್ಕೆ ತಿಂಗಳು ಮೊದಲೇ ತಂದು ಮನೆಯಲ್ಲಿ ಬಾಯಿ ತೆರೆದಿಡಬೇಕು. ಒಳಗೆ ಆಗಾಗ ತಿಂಡಿ ಹಾಕಿ ರೂಢಿ ಮಾಡಿಸಬೇಕು. ಒಂದು ಬುಟ್ಟಿಗೆ ಒಂದೇ ಬೆಕ್ಕು. ಹುಚ್ಚುರೋಗದ ಲಸಿಕೆಯನ್ನು ಮುಂಚೆಯೇ ಹಾಕಿಸಬೇಕು. ಹೊರಡುವುದಕ್ಕೆ ಕೆಲವು ಗಂಟೆಗಳ ಮೊದಲಿನಿಂದ ಆಹಾರ ಕೊಡಬಾರದು. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆಯಲ್ಲಿಟ್ಟು, ಅದರ ಹೆದರಿಕೆ ಕಳೆದ ಮೇಲೆ ಒಂದೊಂದೇ ಕೋಣೆಯನ್ನು ತೆರೆಯಬೇಕು; ಮೂರು ವಾರಗಳಾದರೂ ಹೊರಗೆ ಬಿಡಬಾರದು. ಮಹಡಿಯ ಮನೆಯಾದರೆ ಕಿಟಕಿಗೂ ಮೊಗಸಾಲೆಗೂ ಜಾಲರಿ ಹೊಡೆಸಬೇಕು. ಕೊಡಗಿಗೆ ರೈಲು ಇಲ್ಲವಾದ್ದರಿಂದ ಮಡಿಕೇರಿಯಿಂದ ಮೈಸೂರಿಗೆ ಸುಮಾರು ೧೨೦ ಕಿಲೋಮೀಟರನ್ನು ರಸ್ತೆಯಲ್ಲಿಯೇ ಕ್ರಮಿಸಬೇಕಷ್ಟೆ; ಘಟ್ಟದ ತಿರುವುಗಳು ಮುಗಿದು ಕುಶಾಲನಗರದ ಬಯಲು ಸಿಕ್ಕುವವರೆಗೆ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿರಬೇಕು. ಇದನ್ನೆಲ್ಲ ನಾವು ಕಾಗದದಲ್ಲಿ ಬರೆದುಕೊಂಡು ಬಂದು ಅಕ್ಕನವರಿಗೆ ಓದಿ ಹೇಳಿದೆವು. ಮಗನು ಅಂದಿನಿಂದಲೇ ಜಾಲರಿಯವನನ್ನು ಹುಡುಕತೊಡಗಿದನು.

ಅಂದಿನಿಂದ ಗಂಟುಮೂಟೆ ಕಟ್ಟುವ ಕೆಲಸವು ನಡೆದಿದೆ. ನಾವು ವಾರಕ್ಕೆರಡು ಬಾರಿ ಹೋಗಿ ಕೈಜೋಡಿಸುತ್ತಿದ್ದೇವೆ. ಕೈಜೋಡಿಸುವುದೆಂದರೆ, ಒಂದು ರಟ್ಟಿನ ಪೆಟ್ಟಿಗೆಯಿಂದ ಶುಂಠಿಯನ್ನು ಎತ್ತಿ ಹೊರಗಿಡುವುದು. ಅದಕ್ಕೆ ಪಾತ್ರೆ ತುಂಬುವಷ್ಟರಲ್ಲಿ ಅವನು ಇನ್ನೊಂದರಲ್ಲಿ ಕುಳಿತಿರುವನು. ನಲವತ್ತೊಂದು ವರ್ಷಗಳ ಸಾಮಾನಿನಲ್ಲಿ ಯಾವುದು ಬೇಕು, ಯಾವುದು ಬೇಡವೆಂದು ಅಕ್ಕನವರು ಬಹಳ ಬೇಗ ನಿಶ್ಚಯಿಸುತ್ತಾರೆ. ಉಪ್ಪಿನಕಾಯಿಯ ದೊಡ್ಡ ಜಾಡಿಗಳು ನೆರೆಮನೆಗೆ, ಬಿದಿರಿನ ಬುಟ್ಟಿಗಳು ಕೆಲಸದವಳಿಗೆ. ಮೈಸೂರಿನಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ಕೆಲಸವಿಲ್ಲವಲ್ಲ! ಆದರೆ ಉಣ್ಣೆಯ ಟ್ರಂಕಿನ ಮುಂದೆ ಅವರಿಗೆ ಹೊತ್ತು ಹಿಡಿಯಿತು.

ಅದರ ತಳದಲ್ಲಿ ಕಂದುಬಣ್ಣದ ಒಂದು ಅಂಗಿ ಅರ್ಧ ಹೆಣೆದದ್ದು, ಕಡ್ಡಿಗಳ ಸಮೇತವಾಗಿ ಇತ್ತು. ಭಾವನವರಿಗೆಂದು ಆರಂಭಿಸಿ, ಅವರು ಹಾಸಿಗೆ ಹಿಡಿದಾಗ ನಿಂತುಹೋದದ್ದು. ಹನ್ನೆರಡು ವರ್ಷ ಅದು ಮುಂದಕ್ಕೂ ಹೋಗಲಿಲ್ಲ, ಬಿಚ್ಚಲೂ ಇಲ್ಲ. ಅಕ್ಕನವರು ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಕಡ್ಡಿಯನ್ನೆಳೆದು ಬಿಚ್ಚತೊಡಗಿದರು. ಎಳೆಯನ್ನು ನಮ್ಮ ಎರಡು ಕೈಗಳಿಗೆ ಸುತ್ತಿ ಲಡಿ ಮಾಡಿದರು. ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ. ಹಿಂದೆ ಯಾವ ಕುಣಿಕೆಯಲ್ಲಿತ್ತೋ ಅದೇ ಸುರುಳಿಯನ್ನು ಹಿಡಿದುಕೊಂಡಿರುವುದು. "ಇದನ್ನು ಹಾಗೆಯೇ ಹೆಣೆದರೆ ಹದ ಬರುವುದಿಲ್ಲ. ನೀರಿನಲ್ಲಿ ನೆನೆಸಿ, ಕೆಳಗೆ ಸ್ವಲ್ಪ ಭಾರ ಕಟ್ಟಿ ನೇತುಹಾಕಬೇಕು. ಎರಡು ಮೂರು ದಿನ ಹಾಗೆ ಬಿಟ್ಟರೆ ತಾನಾಗಿ ನೆಟ್ಟಗಾಗುತ್ತದೆ, ಎಳೆದು ಅವಸರ ಮಾಡಬಾರದು," ಎಂದರು. ಲಡಿಯು ನಾಲ್ಕು ದಿನ ಹಿತ್ತಿಲ ತಂತಿಯ ಮೇಲೆ, ತುದಿಯಲ್ಲಿ ಒಂದು ಸಣ್ಣ ತಂಬಿಗೆಯನ್ನು ಹೊತ್ತುಕೊಂಡು ತೂಗುತ್ತಿತ್ತು. ಈಗ ಅದು ಬುಟ್ಟಿಯ ಒಳಹಾಸಾಗಿದೆ. ಸುಬ್ಬಿಯು ಅದನ್ನು ಮುಂಗಾಲುಗಳಿಂದ ತುಳಿತುಳಿದು, ಮರಿಯಾಗಿದ್ದಾಗ ತಾಯ ಮೊಲೆಯನ್ನು ಒತ್ತಿದಂತೆ ಒತ್ತಿ, ತನ್ನದನ್ನಾಗಿ ಮಾಡಿಕೊಂಡಿದ್ದಾಳೆ.

ಇದನ್ನೆಲ್ಲ ನೋಡುತ್ತಿರುವಾಗ ನಮಗೆ ಹಳೆಯದೊಂದು ವಾದವು ನೆನಪಿಗೆ ಬಂದಿತು. ಶರಣಾಗತಿಯ ವಿಷಯದಲ್ಲಿ ಶ್ರೀವೈಷ್ಣವರಲ್ಲಿ ಎರಡು ಪಕ್ಷಗಳುಂಟು. ಮರ್ಕಟಕಿಶೋರನ್ಯಾಯವೆಂಬ ಪಕ್ಷದಲ್ಲಿ ಕೋತಿಯ ಮರಿಯು ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಮಾರ್ಜಾರಕಿಶೋರನ್ಯಾಯದಲ್ಲಿ ಬೆಕ್ಕಿನ ಮರಿಯು ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಒಯ್ಯುವಳು. ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ತಿರುಗಿಸುವುದೆಂಬ ಮಾತನ್ನು ಕೇಳದವರಾರು? ಅಟ್ಟದಿಂದ ಸೌದೆಯ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹಾಸಿಗೆಯ ಸುರುಳಿಗೆ, ಅಪಾಯದ ವಾಸನೆ ಬಂದೊಡನೆ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಅದು ಮನೆ ಬದಲಾಯಿಸುತ್ತಲೇ ಇರುವುದು. ಮನೆಗೇ ಅಂಟಿಕೊಂಡಿರುವ ಪ್ರಾಣಿಯೆಂದು ನಾವು ಯಾವುದನ್ನು ಹೇಳುತ್ತಿದ್ದೆವೋ, ಅದೇ ತನ್ನವರ ಕ್ಷೇಮಕ್ಕಾಗಿ ಮನೆಯನ್ನು ಕ್ಷಣದಲ್ಲಿ ಬಿಡುವ ಪ್ರಾಣಿ! ಕಣ್ಣೆದುರಿಗಿದ್ದ ಈ ಸಂಗತಿಯು ಇಷ್ಟು ವರ್ಷ ನಮ್ಮ ಪಾಠದಲ್ಲಿ ಸೇರದೆ ಹೋಯಿತು.

ನಾವು ಇದನ್ನು ಅಕ್ಕನವರಿಗೆ ಹೇಳಿ, "ನಿನ್ನ ಮಗನು ಈಗ ತಾಯಿಬೆಕ್ಕಾದನು, ನೀನು ಮರಿಯಾದೆ," ಎಂದೆವು. ಅವರು ನಕ್ಕರು. "ಮರಿಗೇನು, ಕಣ್ಣು ಬಿಟ್ಟಿರುವುದಿಲ್ಲ, ಕಚ್ಚಿಕೊಂಡು ಹೋದರೆ ಹೋಗುತ್ತದೆ. ನನಗೆ ಕಣ್ಣು ಬಿಟ್ಟು ನಲವತ್ತೊಂದು ವರ್ಷ ಈ ಮನೆಯನ್ನು ನೋಡಿದ್ದಾಗಿದೆಯಲ್ಲ," ಎಂದರು. ಆಮೇಲೆ, ಸ್ವಲ್ಪ ಹೊತ್ತಿನ ತರುವಾಯ, "ಆದರೂ ಕಚ್ಚಿ ಹಿಡಿದಿದ್ದಾನೆ, ನೋವಾಗದ ಹಾಗೆ," ಎಂದರು.

ಮೂರು ಬೆಕ್ಕುಗಳೂ ಮೈಸೂರಿಗೆ ಹೋಗುತ್ತವೆಂದು ವಾಚಕರು ತಿಳಿದಿರಬಹುದು. ಹಾಗಾಗಲಿಲ್ಲ. ಕಾಡಿಗೆಯು ಮೊದಲಿನಿಂದಲೂ ಅರ್ಧಭಾಗ ನೆರೆಮನೆಯವಳು. ಅಲ್ಲಿ ಮೀನಿನ ಸಾರು ಆಗುವ ದಿನಗಳನ್ನು ಅವಳು ಪಂಚಾಂಗದಂತೆ ಬಲ್ಲಳು. ರಾತ್ರಿ ಅವರ ಮಾಡಿನ ಕೆಳ್ಳಗೆ ಮಲಗುವಳು. ಬುಟ್ಟಿಯನ್ನು ಕಂಡರೆ ಗೋಡೆ ಹಾರಿ ಮಾಯವಾಗುವಳು. ಹದಿನೈದು ದಿನ ಪ್ರಯತ್ನಿಸಿದ ಮೇಲೆ ಅಕ್ಕನವರು ತಾವಾಗಿ ನೆರೆಯ ಗೃಹಿಣಿಯನ್ನು ಕಂಡು ಮಾತನಾಡಿದರು. ಆ ಮನೆ ರಸ್ತೆಯ ಆಚೆಗೆ, ಗಟ್ಟಿಯಾದ ನೆಲದ ಮೇಲಿದೆ. ಆಕೆಯು ಅವಳಿಗೆ ಲಸಿಕೆ ಹಾಕಿಸುವುದಾಗಿಯೂ, ಮನೆ ಬಿಡುವ ಪ್ರಸಂಗ ಬಂದರೆ ಜೊತೆಗೆ ಒಯ್ಯುವುದಾಗಿಯೂ ಮಾತು ಕೊಟ್ಟಿದ್ದಾರೆ. "ಬಿಟ್ಟುಹೋಗುವುದು ಬೇರೆ, ಒಪ್ಪಿಸಿಹೋಗುವುದು ಬೇರೆ," ಎಂದು ಅಕ್ಕನವರು ಹೇಳಿದರು. ಹೇಳಿದಷ್ಟು ಸುಲಭವಾಗಿ ಮನಸ್ಸು ಒಪ್ಪಲಿಲ್ಲವೆಂಬುದು ಅವರು ಆ ಸಂಜೆ ಹೆಣಿಗೆಯನ್ನು ಮುಟ್ಟದೆ ಇದ್ದುದರಿಂದ ತಿಳಿಯಿತು.

ಹೀಗೆ, ಬೆಕ್ಕು ಮನೆಯದೋ ಮನೆಯವರದೋ ಎಂಬ ಪ್ರಶ್ನೆಗೆ ನಮಗೆ ದೊರೆತ ಉತ್ತರವು ಶ್ಲೋಕದಂತೆ ಒಂದೇ ಸಾಲಿನದಲ್ಲ. ಸುಬ್ಬಿಯು ಅಕ್ಕನವಳು, ಕಾಡಿಗೆಯು ಮೀನಿನ ಸಾರಿನವಳು, ಶುಂಠಿಯು ರಟ್ಟಿನ ಪೆಟ್ಟಿಗೆಯವನು. ಆದರೆ ಬೆಕ್ಕನ್ನು ಸಾಕಿದ ಜವಾಬ್ದಾರಿಯು ಯಾರದೆಂದರೆ, ಅದು ಮನೆಯದಲ್ಲ, ಮನೆಯವರದು. ಇದರಲ್ಲಿ ಎರಡನೆಯ ಮಾತಿಲ್ಲ. ಇಳಿಜಾರಿನ ಮೇಲೆ, ಹೊಳೆಯ ದಂಡೆಯ ಮೇಲೆ ಮನೆಯುಳ್ಳ ನಮ್ಮ ಕೊಡಗಿನ ವಾಚಕರು ಮಳೆಗಾಲಕ್ಕೆ ಮೊದಲು ಸೌದೆ, ಅಕ್ಕಿ, ಔಷಧಿಗಳನ್ನು ಕೂಡಿಸಿಡುವಂತೆ, ಸಾಕಿದ ಬೆಕ್ಕಿಗೆ ಒಂದು ಬುಟ್ಟಿಯನ್ನೂ ಬಾಗಿಲ ಬಳಿ ಇಟ್ಟುಕೊಳ್ಳಲಿ. ಹತ್ತು ನಿಮಿಷಗಳ ಅವಕಾಶ ಸಿಕ್ಕುವ ಸಂಜೆಯಲ್ಲಿ ಬುಟ್ಟಿಯನ್ನು ಹುಡುಕಲು ಸಾಧ್ಯವಾಗುವುದಿಲ್ಲ.

ಪ್ರಯಾಣವು ಮುಂದಿನ ಗುರುವಾರಕ್ಕೆ ನಿಶ್ಚಯವಾಗಿದೆ. ಮೊನ್ನೆ ನಾವು ಹೋದಾಗ ಮನೆಯು ಬಹುಮಟ್ಟಿಗೆ ಬರಿದಾಗಿ, ಮಾತನಾಡಿದರೆ ಗೋಡೆಗಳು ಮಾರುನುಡಿಯುತ್ತಿದ್ದವು. ಜಗಲಿಯಲ್ಲಿ ಕುರ್ಚಿಯೊಂದೂ ತಂಬಿಗೆಯೊಂದೂ ಉಳಿದಿದ್ದವು. ಬುಟ್ಟಿಯೊಳಗೆ, ಭಾವನವರ ಉಣ್ಣೆಯ ಮೇಲೆ, ಸುಬ್ಬಿಯು ನಿದ್ರಿಸುತ್ತಿದ್ದಳು. ನಾವು ಮುಚ್ಚಳವನ್ನು ಹಾಕಿ ಒಮ್ಮೆ ಪರೀಕ್ಷಿಸೋಣವೆಂದು ಬಗ್ಗಿದೆವು.

"ಈಗ ಬೇಡ. ಇನ್ನೂ ನಾಲ್ಕು ದಿನ ಇದೆಯಲ್ಲ," ಎಂದು ಅಕ್ಕನವರು ತಡೆದು, ಎಣಿಕೆ ತಪ್ಪದಂತೆ ಸಾಲಿನ ಕೊನೆಯವರೆಗೆ ಹೆಣೆದರು.